ಸಿನಿಮಾದಲ್ಲಿ ಇಲ್ಲದ ಕೈ

ಮೂರನೇ ಸಲವೂ ಮಗುವಿನ ಕೈ ಬರಲಿಲ್ಲ.

ಲ್ಯಾಬ್ ನೋಡಿಕೊಳ್ಳುವ ಅಣ್ಣ ಇನ್ನೊಂದು ಸಲ ಹಾಕಲಾ ಅಂತ ಕೇಳಿದ. ಅವನ ದನಿಯಲ್ಲಿ ಬೇಸರ ಇರಲಿಲ್ಲ, ಕನಿಕರ ಇತ್ತು. ಬೇಡ ಅಂದೆ. ಅವನು ದೀಪ ಹಾಕಿದ. ನಲವತ್ತು ಕುರ್ಚಿಗಳ ನಡುವೆ ನಾನೊಬ್ಬನೇ ಕೂತಿದ್ದೆ.

ಆರು ನಿಮಿಷ ಹತ್ತು ಸೆಕೆಂಡಿನ ಅನಿಮೇಷನ್ ಚಿತ್ರ ಅದು. ಟಿಕೆಟ್ ಕೌಂಟರಿನ ಒಳಗೆ ಒಬ್ಬ ಹೆಂಗಸು ಕೂತಿದ್ದಾಳೆ. ಗಾಜಿನ ಕೆಳಗಿನ ಕಿಂಡಿಯಿಂದ ಅವಳಿಗೆ ಕಾಣುವುದು ಬರೀ ಕೈಗಳು. ಗಡಿಬಿಡಿಯ ಕೈ, ಬೆವರಿದ ಕೈ, ಬಣ್ಣ ಮೆತ್ತಿದ ಕೈ, ಉಂಗುರ ತೆಗೆದ ಗುರುತು ಉಳಿದ ಕೈ. ಒಂದಕ್ಕೂ ಮುಖವಿಲ್ಲ. ಕೌಂಟರ್ ಮುಚ್ಚಿದ ಮೇಲೆ ಅವಳು ಹೊರಗೆ ಬಂದು, ತನ್ನ ಕೈಯನ್ನೇ ಕಿಂಡಿಯೊಳಗಿಟ್ಟು ಸುಮ್ಮನೆ ನಿಲ್ಲುತ್ತಾಳೆ. ಕಥೆ ಅಷ್ಟೇ. ಮೊದಲ ಸಲ ನೋಡಿದಾಗ ಕನ್ನಡಕ ತೆಗೆದು ಒರೆಸಿಕೊಂಡೆ. ಎರಡನೇ ಸಲ ಅದಕ್ಕೆ ನಾಚಿಕೆಯಾಯಿತು. ಮೂರನೇ ಸಲ ಕೈಗಳನ್ನು ಎಣಿಸಿದೆ. ಹದಿನಾಲ್ಕು. ಎಲ್ಲವೂ ದೊಡ್ಡವರದು.

ಆದರೆ ನನ್ನ ತೊಡೆಯ ಮೇಲಿದ್ದ ಷರಾ ಹಾಳೆಯಲ್ಲಿ ಪರೀಕ್ಷಕರೊಬ್ಬರು ಹೀಗೆ ಬರೆದಿದ್ದರು: ಮಗುವಿನ ಕೈ ಬರುವ ಶಾಟ್‌ನಲ್ಲಿ ಕೈ ಇದೆ, ತೂಕ ಇಲ್ಲ.

ಇಲ್ಲದ ಕೈಗೆ ತೂಕ ಎಲ್ಲಿಂದ ಬರಬೇಕು?

ನಾನು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದ ತನಿಖೆಯವನು. ಯಾವ ಕಾಲೇಜಿನಲ್ಲಿ ಅನುಮಾನದ ಸೊನ್ನೆ ಬಿದ್ದರೂ ನನ್ನನ್ನೇ ಕಳಿಸುತ್ತಾರೆ. ಹಾಗಾಗಿ ಬೆನ್ನ ಹಿಂದೆ ನನ್ನ ಹೆಸರು ಸೊನ್ನೆ ಸಾಹೇಬ್ರು. ಮುಖದ ಮುಂದೆಯೂ ಒಮ್ಮೊಮ್ಮೆ. ಈ ಸಲದ ಸೊನ್ನೆ ಬಿದ್ದಿದ್ದು ಕೊನೇ ವರ್ಷದ ಒಬ್ಬ ಹುಡುಗಿಗೆ. ನಾಲ್ಕು ವರ್ಷವೂ ಲ್ಯಾಬಿನ ಅದೇ ಮೂಲೆಯಲ್ಲಿ ಕೂತು ಕೆಲಸ ಮಾಡಿದ್ದಕ್ಕೆ ಎಲ್ಲರೂ ಅವಳನ್ನು ಮೂಲೆ ಅಂತಲೇ ಕರೆಯುತ್ತಿದ್ದರು. ನಾಳೆ ಹನ್ನೊಂದು ಗಂಟೆಗೆ ಅಂಕಪಟ್ಟಿಗೆ ಮೊಹರು ಬೀಳುತ್ತದೆ. ಆಮೇಲೆ ಅದನ್ನು ತಿದ್ದಲು ಯಾರಿಂದಲೂ ಆಗುವುದಿಲ್ಲ.

ಇವರ ಲೆಕ್ಕ ತಿಳಿಯಲು ನನಗೆ ಎರಡು ದಿನ ಹಿಡಿಯಿತು. ಕೊನೇ ವರ್ಷದ ಚಿತ್ರಕ್ಕೆ ನೂರು ಅಂಕ. ತೆರೆಯ ಮೇಲೆ ಕಾಣುವುದಕ್ಕೆ ಅರವತ್ತು, ಅದರ ಹಿಂದಿನ ಕೆಲಸದ ಫೋಲ್ಡರಿಗೆ ನಲವತ್ತು. ಫೋಲ್ಡರ್ ಅಂದರೆ ಮೊದಲ ಗೀಚಿನಿಂದ ಹಿಡಿದು ಎಲ್ಲ ಹಾಳೆಗಳೂ, ಮಾಡಿ ಬಿಟ್ಟಿದ್ದೂ ಸೇರಿ. ಏನನ್ನು ಬಿಟ್ಟರು, ಯಾಕೆ ಬಿಟ್ಟರು ಅನ್ನುವುದಕ್ಕೂ ಅಂಕ ಇದೆ. ಇದನ್ನು ಕೇಳಿ ನನಗೆ ಖುಷಿಯಾಯಿತು. ಬಿಟ್ಟಿದ್ದಕ್ಕೆಲ್ಲ ಅಂಕ ಸಿಗುವುದಾದರೆ ನಾನು ರ‍್ಯಾಂಕ್ ಬರುತ್ತಿದ್ದೆ.

ಎರಡರಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕು. ಮೂಲೆಗೆ ಚಿತ್ರದಲ್ಲಿ ಅರವತ್ತಕ್ಕೆ ಐವತ್ತೊಂದು, ಇಡೀ ತರಗತಿಗೇ ಹೆಚ್ಚು. ಫೋಲ್ಡರಿಗೆ ಸೊನ್ನೆ. ಯಾಕೆಂದರೆ ಗುರುವಾರ ಮೌಲ್ಯಮಾಪನದ ಮೇಜಿನ ಮೇಲೆ ಅವಳ ಫೋಲ್ಡರ್ ಇರಲಿಲ್ಲ. ಸೋಮವಾರ ತಂದುಕೊಟ್ಟಿದ್ದಕ್ಕೆ ರಿಜಿಸ್ಟರಿನಲ್ಲಿ ಅವಳ ಸಹಿ ಇತ್ತು. ಫೋಲ್ಡರುಗಳನ್ನು ಇಡುವ ಬೀರುವಿನ ಬೀಗ ಸರಿಯಾಗೇ ಇತ್ತು. ಸೊನ್ನೆ ಹಾಗೇ ಉಳಿದರೆ ಎಲ್ಲರೂ ಹೊರಟುಹೋದ ಕಾಲೇಜಿನಲ್ಲಿ ಅವಳಿಗೆ ಇನ್ನೊಂದು ವರ್ಷ ಅದೇ ಮೂಲೆ.

ಅಂಕ ಹಾಕಿದವರು ಮೂವರು. ವಿಭಾಗದ ಮುಖ್ಯಸ್ಥರು, ಅವಳ ಗೈಡ್ ಮೇಡಮ್, ಮತ್ತೆ ಹೊರಗಿನಿಂದ ಬಂದ ಒಬ್ಬ ಪರೀಕ್ಷಕರು. ಮೂವರ ಷರಾವನ್ನೂ ಟೈಪ್ ಮಾಡಿ ಒಂದೇ ಹಾಳೆಗೆ ಇಳಿಸಿದ್ದರು. ಯಾವುದು ಯಾರ ಮಾತು ಅಂತ ಅದರಲ್ಲಿ ಇರಲಿಲ್ಲ.

"ಸಿನಿಮಾ ನೋಡದೇ ಷರಾ ಬರೀತಾರಾ ಅಣ್ಣಾ?" ಅಂತ ಕೇಳಿದೆ.

ಅವನು ನಕ್ಕ. "ಕತ್ತಲೇಲಿ ಯಾರು ಬರೀತಾರೆ ಸರ್? ಒಂದೇ ದಿನಕ್ಕೆ ನಲವತ್ತೊಂದು ಸಿನಿಮಾ. ಬುಧವಾರಾನೇ ಫೋಲ್ಡರ್ ನೋಡಿ ಷರಾ ಬರ್ಕೊಂಡುಬಿಡ್ತಾರೆ. ಗುರುವಾರ ನಂಬರ್ ಮಾತ್ರ ಹಾಕೋದು."

ಇದು ಯಾವ ನಿಯಮದಲ್ಲೂ ಇಲ್ಲ. ಆದರೆ ವರ್ಷಗಳಿಂದ ನಡೆದುಬಂದಿದ್ದು. ಹೊರಗಿನ ಪರೀಕ್ಷಕರು ಬಂದಿದ್ದು ಗುರುವಾರ ಬೆಳಿಗ್ಗೆ, ಆಗಲೇ ಫೋಲ್ಡರ್ ಮಾಯವಾಗಿತ್ತು. ಅವರನ್ನು ಪಟ್ಟಿಯಿಂದ ಹೊಡೆದುಹಾಕಿದೆ. ಬುಧವಾರ ಬೀರು ತೆಗೆಸಿದವರು ಯಾರು ಅಂದರೆ ಲ್ಯಾಬಣ್ಣ ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಕೀಲಿ ಮೊಳೆಗೆ ನೇತಾಡುತ್ತಿರುತ್ತದಂತೆ, ಬೇಕಾದವರು ತೆಗೆದುಕೊಳ್ಳುತ್ತಾರಂತೆ, ಮುಖ್ಯಸ್ಥರೂ ಮೇಡಮ್ಮೂ ಇಬ್ಬರೂ ಬಂದಿದ್ದರಂತೆ.

ನನಗೆ ಮುಖ್ಯಸ್ಥರ ಮೇಲೇ ಅನುಮಾನ ಇತ್ತು, ನಿಜ ಹೇಳಬೇಕೆಂದರೆ ಆಸೆಯೂ ಇತ್ತು. ಮೊದಲ ದಿನ ನನ್ನನ್ನು ಮುಕ್ಕಾಲು ಗಂಟೆ ಬಾಗಿಲಲ್ಲಿ ನಿಲ್ಲಿಸಿದ ಮನುಷ್ಯ. ಆ ಹುಡುಗಿ ಯಾರ ಜೊತೆಗೂ ಬೆರೆಯುವುದಿಲ್ಲ, ಗುಂಪಿನ ಕೆಲಸಕ್ಕೆ ಆಗಿಬರುವುದಿಲ್ಲ ಅಂತ ದೂರು ಹೇಳಿದರು. ಬೆರೆಯದವರಿಗೆ ಸೊನ್ನೆ ಅನ್ನುವುದಾದರೆ ನನ್ನ ಇಡೀ ಬದುಕಿಗೇ ಹಾಕಬೇಕು ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಊಟದ ಹೊತ್ತಾಯಿತು. ತನಿಖೆಗೆ ಬಂದವನನ್ನು ಯಾರೂ ಊಟಕ್ಕೆ ಕರೆಯುವುದಿಲ್ಲ. ಕ್ಯಾಂಟೀನಿನಲ್ಲಿ ನಾನು ತಟ್ಟೆ ಇಟ್ಟ ಮೇಜಿನಿಂದ ಇಬ್ಬರು ಮೇಷ್ಟ್ರುಗಳು ಕೈತೊಳೆಯುವ ನೆಪದಲ್ಲಿ ಎದ್ದರು, ಮತ್ತೆ ಬರಲಿಲ್ಲ. ಮೂವತ್ತು ವರ್ಷದಿಂದ ಇದೇ ಪಾಡು. ಆದರೂ ಪ್ರತಿ ಸಲ ತಟ್ಟೆ ಇಡುವಾಗ ಎದುರಿನ ಕುರ್ಚಿ ಸ್ವಲ್ಪ ಈಚೆ ಎಳೆದಿಡುತ್ತೇನೆ.

ಅಕ್ಕನ ಫೋನು ಬಂತು. ದಿನಾ ಈ ಹೊತ್ತಿಗೆ ಮಾಡುತ್ತಾಳೆ. ಊಟ ಆಯ್ತಾ ಅಂತ ಕೇಳಿ, ಯಾರ ಜೊತೆ ಅಂತಲೂ ಕೇಳಿದಳು. ಎಲ್ಲರ ಜೊತೆ ಅಂದೆ. ಹಿಂದೆ ಒಂದು ಸದ್ದೂ ಕೇಳುತ್ತಿಲ್ಲವಲ್ಲೋ ಅಂದಳು. ಪತ್ತೇದಾರಿಕೆ ಅವಳಿಗೆ ಸಿಗಬೇಕಿತ್ತು, ತಪ್ಪಿ ನನ್ನ ಪಾಲಿಗೆ ಬಂದಿದೆ.

ಮೂಲೆ ತನ್ನ ಮೂಲೆಯಲ್ಲೇ ಇದ್ದಳು. ಉಳಿದ ಮೇಜುಗಳೆಲ್ಲ ಖಾಲಿ. ಗೋಡೆಗೆ ಅಂಟಿಸಿದ್ದ ಚಿತ್ರಗಳನ್ನು ಕಿತ್ತ ಕಡೆಯೆಲ್ಲ ಚೌಕ ಚೌಕ ಕಲೆ. ಅವಳ ಗೋಡೆಯ ಮೇಲೆ ಮಾತ್ರ ಇನ್ನೂ ಕೈಗಳು. ಎದ್ದು ನಿಂತಳು. ಕೂರಮ್ಮ ಅಂದೆ. ಕೂರಲು ಇನ್ನೊಂದು ಕುರ್ಚಿ ಹುಡುಕಬೇಕಾಯಿತು, ಅವಳ ಮೇಜಿನ ಹತ್ತಿರ ಎರಡನೇ ಕುರ್ಚಿ ಇರಲಿಲ್ಲ.

ಮಗುವಿನ ಕೈ ಅಂದ ತಕ್ಷಣ ಅವಳು ತಲೆ ಎತ್ತಿದಳು. ಅಂಥ ಒಂದು ಶಾಟ್ ಇತ್ತಂತೆ. ಕೊಡುವುದಕ್ಕೆ ಎರಡು ವಾರ ಮೊದಲು ಮಾಡಿದ್ದು, ಸರಿಬರದೆ ಕೊನೆಯ ಭಾನುವಾರ ಚಿತ್ರದಿಂದ ತೆಗೆದುಹಾಕಿದ್ದು. ಹಾಳೆಗಳು ಫೋಲ್ಡರಿನಲ್ಲಿ ಮಾತ್ರ ಇದ್ದವು. ಯಾರಿಗೂ ತೋರಿಸಿರಲಿಲ್ಲ. ಗೈಡ್ ಮೇಡಮ್ ಆಗ ಮೂರು ವಾರ ರಜೆಯಲ್ಲಿದ್ದರು, ಅವರ ತಾಯಿ ಆಸ್ಪತ್ರೆಯಲ್ಲಿದ್ದರು. ಬುಧವಾರವೇ ವಾಪಸು ಬಂದಿದ್ದು.

ಅಲ್ಲಿಗೆ ಒಂದು ಮಾತು ಖಚಿತವಾಯಿತು. ಈ ಷರಾ ಬರೆದವರು ಫೋಲ್ಡರ್ ಬಿಚ್ಚಿ ನೋಡಿದ್ದಾರೆ. ನೋಡಿಯೂ, ಫೋಲ್ಡರೇ ಬಂದಿಲ್ಲ ಅಂತ ಸೊನ್ನೆ ಹಾಕಿದ್ದಾರೆ.

ಹಾಳೆಯನ್ನು ಅವಳ ಮುಂದಿಟ್ಟೆ. ಓದಿದಳು. ನಾಲ್ಕು ದಿನದಲ್ಲಿ ಮೊದಲ ಸಲ ಅವಳ ಮುಖ ಅರಳಿತು.

"ಇದು ನಮ್ಮ ಮೇಡಮ್ ಬರೆದಿದ್ದು ಸರ್. ಅವರು ಯಾವಾಗ್ಲೂ ಹೀಗೇ ಬರೆಯೋದು. ನನ್ನ ಫಸ್ಟ್ ಇಯರ್ ಪುಸ್ತಕ ನೋಡಿ, ಕಣ್ಣು ಇದೆ ನೋಟ ಇಲ್ಲ, ಕಾಲು ಇದೆ ನಡಿಗೆ ಇಲ್ಲ. ಪುಸ್ತಕದ ತುಂಬ ಅದೇ. ಸರಿಯಾಗಿ ನೋಡದೇ ಅವರು ಒಂದಕ್ಷರ ಬರೆಯಲ್ಲ..."

ತಾನು ಏನು ಹೇಳುತ್ತಿದ್ದೇನೆ ಅಂತ ಅವಳಿಗೆ ಹೊಳೆಯಿತು. ಅರಳಿದ ಮುಖ ಹಾಗೇ ಇಳಿದುಹೋಯಿತು. ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಸಂಕಟ ಇದೇ, ಕಳ್ಳನನ್ನು ಹಿಡಿದುಕೊಡುವವರು ಸಾಮಾನ್ಯವಾಗಿ ಅವನನ್ನು ಪ್ರೀತಿಸುವವರೇ ಆಗಿರುತ್ತಾರೆ.

ಬೇಲಿಯೇ ಎದ್ದು ಹೊಲ ಮೇಯಿತೇ? ತನಿಖೆ ಆಗಲಿ ಅಂತ ಅರ್ಜಿ ಕೊಡು ಎಂದು ಹುಡುಗಿಗೆ ಹೇಳಿಕೊಡಬೇಕಾದವರೂ ಅವರೇ, ಹೇಳಿಕೊಡದವರೂ ಅವರೇ. ಅರ್ಜಿಯನ್ನು ಅವಳು ಒಬ್ಬಳೇ ಬರೆದಿದ್ದಳು. ಬಾ ಅಂತ ಹೇಳಿ ಮೇಡಮ್ಮಿನ ಕೋಣೆಯ ಹೊರಗಿನ ಬೆಂಚಿನ ಮೇಲೆ ಅವಳನ್ನು ಕೂರಿಸಿದೆ. ಬಾಗಿಲು ತಟ್ಟಿದೆ.

ಗೈಡ್ ಮೇಡಮ್ ನನ್ನ ವಯಸ್ಸಿನವರೇ. ಮೇಜಿನ ಮೇಲೆ ಮುಖ ನೋಡುವ ಕನ್ನಡಿ. ಪಾತ್ರದ ಮುಖ ಬಿಡಿಸುವ ಮೊದಲು ತಾವೇ ಮುಖ ಮಾಡಿ ನೋಡಿಕೊಳ್ಳುವುದು ಇವರ ಪದ್ಧತಿಯಂತೆ. ಆವತ್ತು ಆ ಕನ್ನಡಿ ಗೋಡೆಗೆ ಮುಖ ಮಾಡಿತ್ತು.

ಷರಾ ಹಾಳೆ ಮುಂದಿಟ್ಟು, "ಈ ಶಾಟ್ ಸಿನಿಮಾದಲ್ಲಿ ಇಲ್ಲ ಮೇಡಮ್," ಅಂದೆ.

ಅವರು ತುಂಬ ಹೊತ್ತು ಓದಿದರು. ಒಂದು ಸಾಲನ್ನು ಅಷ್ಟು ಹೊತ್ತು ಓದುವ ಅಗತ್ಯ ಇರಲಿಲ್ಲ.

"ಗುರುವಾರ ನಾನು ಸಿನಿಮಾ ನೋಡ್ಲೇ ಇಲ್ಲ," ಅಂದರು. "ಅವಳ ಸಿನಿಮಾ ಶುರುವಾದಾಗ ಕಣ್ಣು ಮುಚ್ಕೊಂಡೆ. ನೋಡೋಕೆ ಆಗಲಿಲ್ಲ. ಆ ಶಾಟ್ ತೆಗೆದಿದ್ದಾಳೆ ಅಂತ ಗೊತ್ತೇ ಆಗಲಿಲ್ಲ."

ವಾದ ಮಾಡಲಿಲ್ಲ, ಸುಳ್ಳು ಹೇಳಲಿಲ್ಲ. ಕೆಳಗಿನ ಡ್ರಾಯರ್ ಎಳೆದು ನೀಲಿ ಫೋಲ್ಡರ್ ತೆಗೆದು ಮೇಜಿನ ಮೇಲಿಟ್ಟರು. ನಾಲ್ಕು ದಿನ ಹುಡುಕಿದ್ದು ಕಣ್ಣ ಮುಂದೆ ಬಂದರೆ ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ.

ಮಗುವಿನ ಕೈಯ ಹಾಳೆಗಳನ್ನು ಬೇರೆ ಮಾಡಿ ಒಂದು ಹಾಳೆ ನನ್ನ ಕಡೆ ತಿರುಗಿಸಿದರು. ಪಕ್ಕದಲ್ಲಿ ಬೇರೊಂದು ಶಾಟಿನ ಹಾಳೆ ಇಟ್ಟರು. ಹುಡುಗಿ ಎಡಚಿ. ಎಡಗೈಯವರು ನೆರಳು ತುಂಬಲು ಎಳೆಯುವ ಗೆರೆಗಳು ಒಂದು ಕಡೆಗೆ ವಾಲುತ್ತವೆ, ಬಲಗೈಯವರವು ಇನ್ನೊಂದು ಕಡೆಗೆ. ಫೋಲ್ಡರಿನ ಸಾವಿರಾರು ಗೆರೆಗಳು ಒಂದೇ ಕಡೆ ವಾಲಿದ್ದವು. ಮಗುವಿನ ಕೈಯ ಗೆರೆಗಳು ಮಾತ್ರ ಉಲ್ಟಾ. ತೋರಿಸಿಕೊಟ್ಟ ಮೇಲೆ ನನ್ನಂಥ ದಡ್ಡನಿಗೂ ಕಂಡಿತು.

"ಬೇರೆಯವರ ಹತ್ರ ಬಿಡಿಸಿಕೊಂಡಿದ್ದಾಳೆ. ಐದಾರು ಹಾಳೆ ನೋಡಿದೆ, ಮುಚ್ಚಿಟ್ಟುಬಿಟ್ಟೆ. ಹೊರಗಿನವರು ನೋಡಿದ್ರೆ ನಕಲು ಅಂತ ಬರೀತಾರೆ. ನಕಲಿಗೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾ?"

ಹೇಳಬೇಕಿರಲಿಲ್ಲ. ಡಿಗ್ರಿ ರದ್ದು. ಹೆಸರು ಎಲ್ಲ ಕಾಲೇಜಿಗೂ ಹೋಗುತ್ತದೆ, ಮತ್ತೆ ಎಲ್ಲೂ ಸೇರಿಸಿಕೊಳ್ಳುವುದಿಲ್ಲ. ಆ ನಿಯಮ ಬರೆದವರಲ್ಲಿ ನಾನೂ ಒಬ್ಬ.

"ಫೋಲ್ಡರ್ ಇಲ್ಲ ಅಂದ್ರೆ ಒಂದು ವರ್ಷ ಹೋಗುತ್ತೆ. ನಕಲು ಅಂದ್ರೆ ಬದುಕೇ ಹೋಗುತ್ತೆ. ನಾನು ಒಂದು ವರ್ಷ ಕದ್ದೆ, ಅಷ್ಟೇ."

"ಅವಳನ್ನ ಕೇಳಿದ್ರಾ?"

ಇಲ್ಲ ಅಂತ ತಲೆಯಾಡಿಸಿದರು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಹೇಳಿದ್ದು ನನ್ನ ಕೆಲಸದವರಿಗೆ ಮಾತ್ರ ಅಂದುಕೊಂಡಿದ್ದೆ. ಬಾಗಿಲು ತೆಗೆದು ಮೂಲೆಯನ್ನು ಒಳಗೆ ಕರೆದೆ.

ಮೇಜಿನ ಮೇಲಿನ ಫೋಲ್ಡರ್ ನೋಡಿ ಅವಳು ಮೇಡಮ್ಮಿನ ಮುಖ ನೋಡಿದಳು, ಮತ್ತೆ ಫೋಲ್ಡರ್ ನೋಡಿದಳು. ಮಗುವಿನ ಕೈಯ ಹಾಳೆ ತೋರಿಸಿ, ಇದು ನೀನು ಬಿಡಿಸಿದ್ದಾ ಅಂತ ಕೇಳಿದೆ.

"ಹೌದು ಸರ್."

"ಗೆರೆ ಬಲಗೈದು."

"ಹೌದು. ನನ್ನ ಬಲಗೈ."

ಅವಳೇ ಬಿಡಿಸಿ ಹೇಳಿದಳು. ಮಗುವಿನ ಕೈ ಬಿಡಿಸಲು ಹೋದರೆ ಎಷ್ಟು ಸಲ ಬಿಡಿಸಿದರೂ ಅದು ದೊಡ್ಡವರ ಕೈಯ ಹಾಗೇ, ಎಲ್ಲ ಗೊತ್ತಿರುವವರ ಹಾಗೇ ಬರುತ್ತಿತ್ತಂತೆ. ಪಳಗಿದ ಕೈಯಲ್ಲಿ ಪಳಗದ ಕೈ ಬರುವುದಿಲ್ಲ ಅನ್ನಿಸಿ ಪೆನ್ಸಿಲನ್ನು ಬಲಗೈಗೆ ಬದಲಾಯಿಸಿದಳಂತೆ. ನಡುಕ ಬಂತು, ಆದರೆ ತೂಕ ಬರಲಿಲ್ಲ. ಅದಕ್ಕೇ ಶಾಟ್ ಬಿಟ್ಟಿದ್ದು.

ನನ್ನ ಜೇಬಿನ ಪೆನ್ಸಿಲ್ ಕೊಟ್ಟೆ. ಷರಾ ಹಾಳೆಯ ಹಿಂದುಗಡೆಯೇ ಅವಳು ಬಲಗೈಯಲ್ಲಿ ಒಂದು ಪುಟ್ಟ ಕೈ ಬಿಡಿಸಿದಳು. ನಿಧಾನವಾಗಿ, ನಾಲಿಗೆ ಕಚ್ಚಿಕೊಂಡು. ಅದೇ ನಡುಕ, ಅದೇ ಉಲ್ಟಾ ವಾಲಿದ ಗೆರೆ. ಮೇಡಮ್ ನೋಡಿದರು. ಬಾಯಿಗೆ ಸೆರಗು ಒತ್ತಿಕೊಂಡು ಕೂತುಬಿಟ್ಟರು.

"ಒಂದು ಮಾತು ಕೇಳಬಹುದಿತ್ತು ಮೇಡಮ್," ಅಂದಳು ಮೂಲೆ. "ಇಲ್ಲಿ ನನ್ನ ಹತ್ರ ಮಾತಾಡ್ತಿದ್ದಿದ್ದೇ ನೀವೊಬ್ರು."

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ಮೇಡಮ್ಮಿಗೆ ಹಗುರವಾಗುತ್ತಿತ್ತೇನೋ. ನಾಳೆ ಹನ್ನೊಂದಕ್ಕೆ ಮೊದಲು ತಾವೇ ಎಲ್ಲ ಬರೆದುಕೊಡುತ್ತೇನೆ, ಕೆಲಸ ಹೋದರೆ ಹೋಗಲಿ ಅಂದರು. ನಾನೂ ಮನಸ್ಸಿನಲ್ಲೇ ವರದಿಯ ಕೊನೆಯ ಸಾಲು ಬರೆಯುತ್ತಿದ್ದೆ. ಫೋಲ್ಡರ್ ಹಾಜರಾಗಿದೆ, ಮೌಲ್ಯಮಾಪನ ಆಗಲಿ.

ಮೂಲೆ ಹಾಳೆಗಳನ್ನು ಒಂದೊಂದಾಗಿ ಜೋಡಿಸಿ ಫೋಲ್ಡರಿಗೆ ಸೇರಿಸುತ್ತಿದ್ದಳು. ನಡುವೆ ಅವಳ ಕೈ ನಿಂತಿತು.

"ಸರ್, ನಾನು ಬಿಡಿಸಿದ್ದು ಹದಿನೆಂಟು ಹಾಳೆ."

ಎಣಿಸಿದೆ. ಇಪ್ಪತ್ತೆರಡು ಇದ್ದವು.

ಅವಳ ಹದಿನೆಂಟರಲ್ಲಿ ಪುಟ್ಟ ಕೈ ಕಿಂಡಿಯವರೆಗೂ ಬರುತ್ತಿತ್ತು, ಗಾಳಿಯಲ್ಲೇ ನಿಲ್ಲುತ್ತಿತ್ತು. ಅಲ್ಲಿಗೆ ಅವಳ ಕೆಲಸ ಮುಗಿದಿತ್ತು. ಹತ್ತೊಂಬತ್ತನೇ ಹಾಳೆಯಲ್ಲಿ ಆ ಕೈ ಕಟ್ಟೆಯ ಮೇಲೆ ಇಳಿದಿತ್ತು. ಇಪ್ಪತ್ತರಲ್ಲಿ ಬೆರಳ ತುದಿಗಳು ಒತ್ತಿ ಚಪ್ಪಟೆಯಾಗಿದ್ದವು. ಇಪ್ಪತ್ತೊಂದು, ಇಪ್ಪತ್ತೆರಡರಲ್ಲಿ ಮಗು ತನ್ನ ಇಡೀ ಭಾರವನ್ನು ಅಂಗೈ ಮೇಲೆ ಹಾಕಿ, ಒಳಗೆ ಯಾರಿದ್ದಾರೆ ಅಂತ ನೋಡಲು ತುದಿಗಾಲಿನಲ್ಲಿ ಎದ್ದಿದೆ ಅಂತ ಬರೀ ಆ ಕೈಯಿಂದಲೇ ತಿಳಿಯುತ್ತಿತ್ತು. ಚಿತ್ರ ಅಂದರೆ ಏನೂ ತಿಳಿಯದ ನನಗೇ ತಿಳಿಯಿತು. ಸೋಮವಾರ ಸಂಜೆಗೂ ಬುಧವಾರಕ್ಕೂ ನಡುವೆ ಯಾರೋ ಆ ಬೀರು ತೆಗೆದಿದ್ದಾರೆ. ಕೂತು ಬಿಡಿಸಿದ್ದಾರೆ. ವಾಪಸು ಇಟ್ಟಿದ್ದಾರೆ.

ಇವು ನಿನ್ನವಲ್ಲವಾ ಅಂತ ಕೇಳಿದೆ, ಕೇಳಲೇಬೇಕಿತ್ತು. ಅಲ್ಲ ಅಂದಳು.

ಮೇಡಮ್ ಎದ್ದು ಬಂದು ಭುಜದ ಮೇಲಿಂದ ಬಗ್ಗಿ ನೋಡಿದರು. ಅವರ ಮುಖದ ಬಣ್ಣ ಹೋಯಿತು. ಮೂವತ್ತು ವರ್ಷ ಮುಖಗಳನ್ನು ಓದಿ ಬದುಕಿದವನು ನಾನು. ಆ ಗೆರೆ ಯಾರದು ಅಂತ ಅವರಿಗೆ ಗೊತ್ತಿತ್ತು.

"ಯಾರದು ಮೇಡಮ್?"

"ಆ ನಾಲ್ಕು ಹಾಳೆ ನನಗೆ ಕೊಟ್ಟುಬಿಡಿ," ಅಂದರು. "ನಿಮ್ಮ ಕಾಲಿಗೆ ಬೀಳ್ತೀನಿ, ಏನೂ ಕೇಳಬೇಡಿ. ಹದಿನೆಂಟಿದ್ರೆ ಅವಳು ಪಾಸು."

ನಿಜ. ಇಪ್ಪತ್ತೆರಡಿದ್ದರೆ ಫೋಲ್ಡರಿನಲ್ಲಿ ಬೇರೆಯವರ ಕೆಲಸ ಇದೆ ಅಂತ ಆಯಿತು, ಅಂದರೆ ನಕಲು. ಆ ನಾಲ್ಕನ್ನು ತೆಗೆದಿಟ್ಟರೆ ಕಳ್ಳ ನಾನು, ಅಲ್ಲೇ ಬಿಟ್ಟರೆ ಕಳ್ಳಿ ಅವಳು. ಇಷ್ಟು ವರ್ಷದ ನೌಕರಿಯಲ್ಲಿ ಒಂದು ಹಾಳೆಯನ್ನೂ ಆಚೀಚೆ ಮಾಡಿದವನಲ್ಲ. ಆವತ್ತು ನನ್ನ ಕೈ ತಾನಾಗೇ ಮುಂದೆ ಹೋಯಿತು. ಕೊಡಮ್ಮ, ಇಲ್ಲಿ ಕೊಡು ಅಂದೆ.

ಮೂಲೆ ಕೊಡಲಿಲ್ಲ. ನಾಲ್ಕೂ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಲೇ ಇದ್ದಳು. ಅವಳಿಗೆ ಭಯವಾಗಬೇಕಿತ್ತು. ಅವಳ ಕಣ್ಣಲ್ಲಿ ನೀರಿತ್ತು, ಆದರೆ ಅದು ಭಯದ್ದಲ್ಲ.

"ನಾಲ್ಕು ವರ್ಷದಲ್ಲಿ ನನ್ನ ಪಕ್ಕ ಕೂತು ಯಾರೂ ಒಂದು ಗೆರೆ ಎಳೆದಿಲ್ಲ ಸರ್," ಅಂದಳು. "ಇವರು ಯಾರು ಅಂತ ಹೇಳೋವರೆಗೂ ಕೊಡಲ್ಲ. ನಾಳೆ ಹನ್ನೊಂದಕ್ಕೆ ಇಪ್ಪತ್ತೆರಡನ್ನೂ ನಾನೇ ಮೇಜಿನ ಮೇಲೆ ಇಡ್ತೀನಿ."